ಪಾರ್ಕ್ ಉಳಿಸಿ ಅಂತ ಕೋರ್ಟಿಗೆ ಹೋಗೋಕೆ ನಾವು ಯಾರು? ತಿಳಿದವರು ಹೇಳಿ

ಮೂಲೆಮನೆ_ಮೂರನೇಕ್ರಾಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಕ್ಷಿಣದ ಒಂದು ಹಳೇ ಬಡಾವಣೆಯಲ್ಲಿ ನಮ್ಮ ಮನೆ. ಎದುರಿಗೆ ಪುಟ್ಟ ಪಾರ್ಕ್. ಎರಡು ಹೊಂಗೆ ಮರ, ಒಂದು ಆಕಾಶಮಲ್ಲಿಗೆ, ನಾಲ್ಕು ಕಲ್ಲುಬೆಂಚು, ಅಷ್ಟೇ. ನಮ್ಮಮ್ಮ ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲೇ ನಡೆಯೋದು.

ಹೋದ ತಿಂಗಳು ಯಾರೋ ಟೇಪ್ ಹಿಡಿದು ಬಂದು ಅಳತೆ ಮಾಡಿಕೊಂಡು ಹೋದರು. ಅರ್ಧ ಜಾಗದಲ್ಲಿ ಖಾಸಗಿಯವರ ನರ್ಸಿಂಗ್ ಹೋಂ ಬರುತ್ತದಂತೆ. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದೆ. "ಜಾಗ ನಿಮ್ದಾ? ಪತ್ರ ನಿಮ್ಮ ಹೆಸರಲ್ಲಿದೆಯಾ? ಇಲ್ಲ ಅಂದ್ಮೇಲೆ ನಿಮಗೇನು?" ಅಂದರು. ಮನೆಗೆ ಬಂದು ಅಮ್ಮನಿಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಜಾಗ ನಮ್ಮದಲ್ಲ ಅಂದರೆ ಕೇಳುವ ಹಕ್ಕೂ ಇಲ್ಲವಾ? ಇಂಥದ್ದನ್ನ ಯಾವುದಾದರೂ ಕೋರ್ಟ್ ಮೊದಲೇ ತೀರ್ಮಾನ ಮಾಡಿದೆಯಾ?

ಗಾಂಧಿಬಜಾರ್_ಗೆಳೆಯ

ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕಿ ಅಕ್ಕ. ಬೇರೆ ದಾರಿ ಇಲ್ಲ.

ಹಳೇಕಡತ

ನಾನು ವಕೀಲೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು ಹೈಕೋರ್ಟಿಗೆ ಓಡಾಡುತ್ತಾ. ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಅದೂ ನಮ್ಮ ಬೆಂಗಳೂರಿನ ಕೇಸಿನಿಂದಲೇ ಬಂದದ್ದು.

ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ, ಸುಪ್ರೀಂ ಕೋರ್ಟ್, 1991. ರಾಜಮಹಲ್ ವಿಲಾಸ್ ಬಡಾವಣೆ, ಅಂದರೆ ಈಗ ಎಲ್ಲರೂ ಸದಾಶಿವನಗರ ಅನ್ನುವ ಕಡೆ, ಒಂದು ಜಾಗವನ್ನು ನಕ್ಷೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದರು. 1976ರಲ್ಲಿ ಮುಖ್ಯಮಂತ್ರಿಗಳ ಮಟ್ಟದಿಂದಲೇ ಆದೇಶ ಬಂತು. ಪಾರ್ಕ್ ಜಾಗ ಸಿಎ ಸೈಟ್ (ನಾಗರಿಕ ಸೌಲಭ್ಯದ ನಿವೇಶನ) ಆಯಿತು, ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಹೋಯಿತು. ಅಕ್ಕಪಕ್ಕದ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಸುಮ್ಮನೆ ಕೂರಲಿಲ್ಲ, ವಿಭಾಗೀಯ ಪೀಠಕ್ಕೆ ಹೋಗಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ತೊಮ್ಮನ್ ಮತ್ತು ನ್ಯಾಯಮೂರ್ತಿ ಸಹಾಯ್ ಅವರ ಪೀಠ ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿತು.

ನಿಮ್ಮನ್ನು ಆ ಕಚೇರಿಯಲ್ಲಿ ಕೇಳಿದರಲ್ಲ, "ನಿಮಗೇನು" ಅಂತ? ಅಲ್ಲೂ ಅದೇ ವಾದ ಮಾಡಿದ್ದರು. ಕೋರ್ಟ್ ಒಪ್ಪಲಿಲ್ಲ. ಆ ಬಡಾವಣೆಯಲ್ಲಿ ಬದುಕುವವರಿಗೇ ಆ ಪಾರ್ಕ್ ಇರುವುದು, ಅದು ಹೋದರೆ ಗಾಳಿ ಬೆಳಕು ಹೋಗುವುದು ಅವರದೇ. ಅವರು ಕೇಳದೆ ಇನ್ಯಾರು ಕೇಳಬೇಕು ಅನ್ನುವುದು ತೀರ್ಪಿನ ಸಾರ. ಹಿಂದಿನ ಕಾಲದಲ್ಲಿ ಉದ್ಯಾನ ಅನ್ನೋದು ರಾಜರಿಗೆ, ಶ್ರೀಮಂತರಿಗೆ ಮೀಸಲಾಗಿತ್ತು, ಈಗ ಅದು ಸಾಮಾನ್ಯ ಜನರದ್ದು ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ಎಷ್ಟು ಸಲ ಓದಿದರೂ ನನಗೆ ಇಷ್ಟವಾಗುವ ಭಾಗ ಅದು.

ಗೆಳೆಯರೇ, ಒಂದು ತಿದ್ದುಪಡಿ. ಇದಕ್ಕೆ ಪಿಐಎಲ್ಲೇ ಬೇಕು ಅಂತಿಲ್ಲ. ಬೇರೆಯವರ ಪರವಾಗಿ ಹೋಗುವಾಗ ಪಿಐಎಲ್. ಇವರಿಗೆ ಆಗುತ್ತಿರುವುದು ಇವರದೇ ನಷ್ಟ. ಸಂವಿಧಾನದ 226ನೇ ವಿಧಿಯಲ್ಲಿ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರದ ಕ್ರಮವನ್ನು ಪ್ರಶ್ನಿಸುವ ಅರ್ಜಿ, ಹಾಕಬಹುದು.

ಮೂಲೆಮನೆ_ಮೂರನೇಕ್ರಾಸ್

ಮೇಡಂ, ಓದಿ ಕೈ ನಡುಗಿತು. ನಮ್ಮದೇ ಕಥೆ ಇದ್ದ ಹಾಗಿದೆ. ಅಮ್ಮನಿಗೆ ಜೋರಾಗಿ ಓದಿ ಹೇಳಿದೆ.

ಪೀಣ್ಯ_ಎರಡನೇಹಂತ

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಸ್ಪತ್ರೆಯೂ ಜನಕ್ಕೇ ಅಲ್ವಾ? ನಮ್ಮ ಕಡೆ ನಮ್ಮಪ್ಪನಿಗೆ ರಾತ್ರಿ ಎದೆನೋವು ಬಂದಾಗ ಹತ್ತಿರದಲ್ಲಿ ಒಂದು ಕ್ಲಿನಿಕ್ ಇರಲಿಲ್ಲ. ಆಟೋದಲ್ಲಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಹೋದೆವು. ಆಗ ನನಗೆ ಪಾರ್ಕ್ ಬೇಡ, ಡಾಕ್ಟರ್ ಬೇಕು ಅನ್ನಿಸಿತ್ತು.

ಹಳೇಕಡತ

ನಿಮ್ಮ ಮಾತು ಹಗುರವಾದದ್ದಲ್ಲ. ಟ್ರಸ್ಟ್ ಕೂಡ ಅದನ್ನೇ ವಾದಿಸಿತ್ತು, ಕೋರ್ಟ್ ಅದನ್ನು ಎತ್ತಿಕೊಂಡೇ ಉತ್ತರ ಕೊಟ್ಟಿತು. ಆಸ್ಪತ್ರೆ ಬೇಕು, ಆದರೆ ಪಾರ್ಕಿನ ಬದಲಿಗೆ ಅಲ್ಲ. ಎರಡೂ ಬೇರೆ ಬೇರೆ ಅಗತ್ಯ, ಒಂದನ್ನು ಕಿತ್ತು ಇನ್ನೊಂದು ಇಡುವ ಹಾಗಿಲ್ಲ. ಇನ್ನೊಂದು ವಿಷಯ, ಅದು ದುಡ್ಡು ಕೊಟ್ಟವರಿಗೆ ಮಾತ್ರ ಬಾಗಿಲು ತೆರೆಯುವ ಖಾಸಗಿ ನರ್ಸಿಂಗ್ ಹೋಂ. ಬೆಂಚಿನ ಮೇಲೆ ಕೂರೋಕೆ ಯಾರೂ ಬಿಲ್ ಕೇಳುವುದಿಲ್ಲ.

ಪೀಣ್ಯ_ಎರಡನೇಹಂತ

ಸರಿ, ಖಾಸಗಿ ಅನ್ನೋದು ಒಪ್ಪುತ್ತೇನೆ. ಸರ್ಕಾರಿ ಆಸ್ಪತ್ರೆ ಆಗಿದ್ದರೆ ನಾನು ಈಗಲೂ ಯೋಚನೆ ಮಾಡುತ್ತಿದ್ದೆ.

ಮಾಗಡಿರೋಡ್_ಮಗ

ನಮ್ಮೂರಿನ ಕೇಸು ಅಂದರೆ ಮಿನರ್ವ ಮಿಲ್ಸ್ ಬಿಡೋಕೆ ಆಗುತ್ತಾ? ನಮ್ಮ ತಾತ ಅಲ್ಲಿ ನೇಯ್ಗೆ ವಿಭಾಗದಲ್ಲಿದ್ದರು. ಆ ಮಿಲ್ಲಿನ ಹೆಸರು ದೇಶದ ಎಲ್ಲಾ ಕಾನೂನು ಕಾಲೇಜಿನಲ್ಲೂ ಪಾಠ ಅಂತ ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ಗಾಂಧಿಬಜಾರ್_ಗೆಳೆಯ

ಓ, ಮಿನರ್ವ ಸರ್ಕಲ್ ಹತ್ತಿರ ಇತ್ತಲ್ಲ, ಆ ಮಿಲ್ಲಾ?

ಮಾಗಡಿರೋಡ್_ಮಗ

ಅಲ್ಲ ಗುರು, ಎಲ್ಲರೂ ಇದನ್ನೇ ಹೇಳುತ್ತಾರೆ. ಸರ್ಕಲ್ಲಿಗೆ ಹೆಸರು ಬಂದದ್ದು ಮಿನರ್ವ ಟಾಕೀಸಿನಿಂದ. ಮಿಲ್ ಇದ್ದದ್ದು ನಮ್ಮ ಮಾಗಡಿ ರಸ್ತೆ ಕಡೆ.

ನಿವೃತ್ತ_ಮೇಷ್ಟ್ರು

ಮಿಲ್ಲಿನ ಕೇಸನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಓದುವ ಮಕ್ಕಳಿಗೆ ಉಪಯೋಗವಾಗಲಿ.

ಮಿಲ್ ಸರಿಯಾಗಿ ನಡೆಯುತ್ತಿಲ್ಲ ಅಂತ ಕೇಂದ್ರ ಸರ್ಕಾರ 1971ರಲ್ಲಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1974ರಲ್ಲಿ ಕಾಯ್ದೆ ತಂದು ರಾಷ್ಟ್ರೀಕರಣ ಮಾಡಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರವಾಗಿ ನಿಂತವರು ವಕೀಲ ನಾನಿ ಪಾಲ್ಕಿವಾಲಾ. ಅವರು ಮಿಲ್ಲಿನ ವಿಷಯ ಬಿಟ್ಟು ಬುಡಕ್ಕೇ ಕೈ ಹಾಕಿದರು. ತುರ್ತು ಪರಿಸ್ಥಿತಿಯಲ್ಲಿ 42ನೇ ತಿದ್ದುಪಡಿ ತಂದಿದ್ದರು. ಸಂಸತ್ತು ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದು, ಯಾವ ಕೋರ್ಟೂ ಕೇಳುವ ಹಾಗಿಲ್ಲ ಅಂತ ಅದರಲ್ಲಿತ್ತು. 1980ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ತಿದ್ದುವ ಅಧಿಕಾರ ಇದೆ, ಆದರೆ ಅದಕ್ಕೆ ಮಿತಿ ಇದೆ. ಆ ಮಿತಿಯೇ ಸಂವಿಧಾನದ ಮೂಲರಚನೆಯ, ಅಂದರೆ ಸಂಸತ್ತೂ ಕೆಡವಲಾಗದ ಅಡಿಪಾಯದ, ಭಾಗ. ತಿದ್ದುಪಡಿ ಮಾಡಿಯೇ ಮಿತಿಯನ್ನು ಅಳಿಸಿ ಹಾಕೋಕೆ ಆಗಲ್ಲ.

ಇದರ ಬೇರು ಕೇಶವಾನಂದ ಭಾರತಿ ಪ್ರಕರಣದಲ್ಲಿದೆ. ಅದೂ ನಮ್ಮ ಕನ್ನಡದ್ದೇ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಅವರು. ಯಕ್ಷಗಾನ, ಸಂಗೀತ ಅಂದರೆ ಪ್ರಾಣ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು, 68 ದಿನ ವಾದ, 1973ರ ಏಪ್ರಿಲ್ 24ರಂದು 7:6ರ ತೀರ್ಪು. ಒಂದೇ ಒಂದು ಮತದ ವ್ಯತ್ಯಾಸದಲ್ಲಿ ನಮ್ಮ ಸಂವಿಧಾನದ ಮೂಲರಚನೆ ಉಳಿಯಿತು ನೋಡಿ.

ಎಲೆಕ್ಷನ್_ನೋಡೋನು

ಮೇಷ್ಟ್ರೇ, ಕೆ.ಎಸ್. ಹೆಗ್ಡೆ ಅವರನ್ನ ಬಿಟ್ಟುಬಿಟ್ಟಿರಿ.

ನಿವೃತ್ತ_ಮೇಷ್ಟ್ರು

ಹೌದು, ಬಿಡಬಾರದಿತ್ತು. ಆ ಏಳು ಜನರಲ್ಲಿ ಒಬ್ಬರು ನಿಟ್ಟೆಯ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಕೂಡಲೇ ಅವರು, ಶೆಲತ್, ಗ್ರೋವರ್, ಈ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರನ್ನು 1977ರಲ್ಲಿ ಬೆಂಗಳೂರು ದಕ್ಷಿಣದ ಜನ ಲೋಕಸಭೆಗೆ ಕಳಿಸಿದರು. ಸ್ಪೀಕರ್ ಆದರು. ನಾನು ಮೊದಲ ಸಲ ಮತ ಹಾಕಿದ್ದು ಆ ಚುನಾವಣೆಯಲ್ಲೇ.

ಮಾಗಡಿರೋಡ್_ಮಗ

ಒಂದು ಪ್ರಶ್ನೆ ಮೇಷ್ಟ್ರೇ. ಮಿಲ್ ಮಾಲೀಕರಿಗೆ ವಾಪಸ್ ಸಿಕ್ಕಿತಾ?

ಹಳೇಕಡತ

ಇಲ್ಲ. ರಾಷ್ಟ್ರೀಕರಣ ಸರಿ ಅಂತ 1986ರಲ್ಲಿ ಬೇರೆ ತೀರ್ಪು ಬಂತು. ಸ್ವಾಮಿಗಳಿಗೂ ಜಮೀನು ಉಳಿಯಲಿಲ್ಲ. ಅವರ ಕೇಸಿನಿಂದ ಲಾಭ ಆದದ್ದು ನಮಗೆಲ್ಲ.

ಎಲೆಕ್ಷನ್_ನೋಡೋನು

ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರದೂ ಅದೇ ಕಥೆ. 1989ರ ಏಪ್ರಿಲ್. ಶಾಸಕ ಮೊಳಕೇರಿ ಅವರು 19 ಶಾಸಕರ ಪತ್ರ ತೆಗೆದುಕೊಂಡು ರಾಜಭವನಕ್ಕೆ ಹೋದರು, ಬೆಂಬಲ ವಾಪಸ್ ಅಂತ. ಅದರಲ್ಲಿ ಏಳು ಜನ ಮತ್ತೆ ಬಂದು, ನಮ್ಮ ಸಹಿ ತಪ್ಪು ತಿಳಿವಳಿಕೆ ಕೊಟ್ಟು ತೆಗೆದುಕೊಂಡದ್ದು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಬೊಮ್ಮಾಯಿ ಅವರು ಕೇಳಿದ್ದು ಇಷ್ಟೇ: ಅಧಿವೇಶನ ಕರೆಯಿರಿ, ಸದನದಲ್ಲಿ ಬಹುಮತ ತೋರಿಸುತ್ತೇನೆ. ರಾಜ್ಯಪಾಲ ವೆಂಕಟಸುಬ್ಬಯ್ಯ ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ.

ಹೈಕೋರ್ಟಿನಲ್ಲಿ ಸೋತರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ ಅಂತ. ಅಷ್ಟು ಹೊತ್ತಿಗೆ ಚುನಾವಣೆ ಆಗಿ, ಬೇರೆ ಪಕ್ಷ ಬಂದು, ಐದು ವರ್ಷ ಹತ್ತಿರ ಹತ್ತಿರ ಮುಗಿದಿತ್ತು. ಕುರ್ಚಿ ವಾಪಸ್ ಬರಲಿಲ್ಲ.

ಆದರೆ 2018ರ ಮೇ ನೆನಪಿದೆಯಾ? ಬಹುಮತ ತೋರಿಸೋಕೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ರಾತ್ರಿಯೆಲ್ಲಾ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. ಮೇ 19ಕ್ಕೇ ಸದನದಲ್ಲಿ ಬಹುಮತ ತೋರಿಸಿ ಅಂತ ಆದೇಶ ಬಂತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಎರಡು ದಿನ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಎಲ್ಲರೂ ಟಿವಿ ಮುಂದೆ. ಅದರ ಬೀಜ ಬೊಮ್ಮಾಯಿ ಕೇಸಿನಲ್ಲಿದೆ.

ಪೀಣ್ಯ_ಎರಡನೇಹಂತ

ಆದರೂ ಆ ತೀರ್ಪಿನಿಂದ ವಜಾ ಆದ ಎಲ್ಲಾ ಸರ್ಕಾರಗಳೂ ಗೆದ್ದವು ಅಂತ ಜನ ತಪ್ಪು ತಿಳಿದಿದ್ದಾರೆ.

ಹಳೇಕಡತ

ಸರಿಯಾದ ಮಾತು. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ವಜಾ ಸರಿ ಅಂತ ಅದೇ ತೀರ್ಪು ಹೇಳಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಅನ್ನುವ ಮಾತು ಬಂದದ್ದು ಆ ಭಾಗದಲ್ಲೇ.

ಬಾವಿಕಟ್ಟೆ_ಯಲಹಂಕ

ಜಲಮಂಡಳಿ ಕೇಸ್ ಯಾರೂ ಹೇಳಲಿಲ್ಲವಲ್ಲ! ನಾನು ಕಾರ್ಮಿಕ ಸಂಘದಲ್ಲಿ ಕೆಲಸ ಮಾಡಿದವನು, ನಮಗೆ ಅದು ಬಾಯಿಪಾಠ.

ಜಲಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲಿ ಮಾಡಿತ್ತು. ನಮ್ಮ ಮಾತು ಕೇಳದೆ ಶಿಕ್ಷೆ ಕೊಟ್ಟಿದ್ದಾರೆ ಅಂತ ಅವರು 1972ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಮಂಡಳಿ ಏನು ಹೇಳಿತು ಗೊತ್ತಾ? ನಾವು ನೀರು ಕೊಡುವ ಸಂಸ್ಥೆ, 'ಉದ್ದಿಮೆ' ಅಲ್ಲ, ಕೈಗಾರಿಕಾ ವಿವಾದ ಕಾಯ್ದೆ ನಮಗೆ ಅನ್ವಯಿಸಲ್ಲ ಅಂತ. ದಂಡದ ಹಣದ ಆ ಚಿಕ್ಕ ಜಗಳ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1978ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೂರು ಪ್ರಶ್ನೆ ಇಟ್ಟರು. ಕೆಲಸ ವ್ಯವಸ್ಥಿತವಾಗಿ ನಡೆಯುತ್ತದಾ? ಮಾಲೀಕ, ನೌಕರ ಇಬ್ಬರೂ ಸೇರಿ ಮಾಡುತ್ತಾರಾ? ಅದರಿಂದ ಜನರಿಗೆ ಬೇಕಾದ ವಸ್ತುವೋ ಸೇವೆಯೋ ಸಿಗುತ್ತದಾ? ಮೂರಕ್ಕೂ ಹೌದು ಅಂದರೆ ಅದು ಉದ್ದಿಮೆ ಅಂದರು. ಲಾಭ ಮಾಡುತ್ತಾ ಇಲ್ಲವಾ ಅನ್ನೋದು ಲೆಕ್ಕಕ್ಕಿರಲಿಲ್ಲ. ಆಸ್ಪತ್ರೆ, ವಿದ್ಯಾಸಂಸ್ಥೆ, ಕ್ಲಬ್ಬು ಎಲ್ಲದರ ನೌಕರರಿಗೂ ಬಾಗಿಲು ತೆರೆಯಿತು. ವಾರ್ಡ್ ಬಾಯ್‌ಗಳು, ಕಾಲೇಜಿನ ಅಟೆಂಡರ್‌ಗಳು ನಮ್ಮ ಸಂಘಕ್ಕೆ ಬಂದು "ನಮಗೂ ಕೇಸ್ ಹಾಕೋಕೆ ಆಗುತ್ತಾ ಅಣ್ಣ?" ಅಂತ ಕೇಳುತ್ತಿದ್ದರು. ಆಗುತ್ತೆ ಅಂತ ಹೇಳೋಕೆ ಎಷ್ಟು ಹೆಮ್ಮೆ ಆಗುತ್ತಿತ್ತು!

ಗಾಂಧಿಬಜಾರ್_ಗೆಳೆಯ

ಕಾಲೇಜಿನ ಮೇಷ್ಟ್ರುಗಳೂ ಕಾರ್ಮಿಕರಾ ಹಾಗಾದರೆ?

ಬಾವಿಕಟ್ಟೆ_ಯಲಹಂಕ

ಇಲ್ಲ, ಅದು ಬೇರೆ. ಸಂಸ್ಥೆ ಉದ್ದಿಮೆ ಆದರೂ ಪಾಠ ಮಾಡುವವರು ಆ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ' ಅಲ್ಲ ಅಂತ ಆಮೇಲೆ ಸುಪ್ರೀಂ ಕೋರ್ಟೇ ಹೇಳಿದೆ.

ಕಾವೇರಿ_ನಲ್ಲಿ

ನೀರಿನ ಮಾತು ಬಂತು ಅಂತ ಹೇಳುತ್ತೇನೆ. 2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತಲ್ಲ, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಅಂತ ನ್ಯಾಯಮಂಡಳಿ ಲೆಕ್ಕ ಹಾಕಿತ್ತು. ಬಾಯಾರಿಕೆಗೆ ಕಣಿವೆಯ ಗೆರೆ ಹಾಕೋಕೆ ಆಗಲ್ಲ ಅಂತ ನಮ್ಮ ಜನ ಮೊದಲಿನಿಂದ ಹೇಳುತ್ತಿದ್ದದ್ದೇ. ಕೋರ್ಟ್ ಇಡೀ ಊರನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

ಕನ್ನಡ_ಮೀಡಿಯಂ

ಎಲ್ಲಾ ಒಳ್ಳೇ ತೀರ್ಪುಗಳನ್ನೇ ಹೇಳುತ್ತಿದ್ದೀರಿ. 2014ರ ಮೇ 6ರದ್ದನ್ನೂ ಹೇಳಿ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುವ ನಮ್ಮ ಸರ್ಕಾರದ 1994ರ ಆದೇಶವನ್ನು ಐದು ನ್ಯಾಯಮೂರ್ತಿಗಳ ಪೀಠ ಒಪ್ಪಲಿಲ್ಲ. ನಮ್ಮ ಬೀದಿಯ ಕನ್ನಡ ಶಾಲೆಯಲ್ಲಿ ಈಗ ಮಕ್ಕಳೇ ಇಲ್ಲ. ನನಗೆ ಆ ತೀರ್ಪಿನ ಮೇಲೆ ಇವತ್ತಿಗೂ ನೋವಿದೆ.

ಜಯನಗರ_ನಾಲ್ಕನೇಬ್ಲಾಕ್

ಶಾಲೆ ಖಾಲಿಯಾಗಿದ್ದು ತೀರ್ಪಿನಿಂದ ಅಲ್ಲ ಸಾರ್. ಅದಕ್ಕೂ ಮೊದಲೇ ಕನ್ನಡ ಮಾಧ್ಯಮ ಅಂತ ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಶಾಲೆಗಳು ಎಷ್ಟಿರಲಿಲ್ಲ? ನನ್ನ ಮಗಳಿಗೆ ಯಾವ ಭಾಷೆಯಲ್ಲಿ ಕಲಿಸಬೇಕು ಅಂತ ನಾನು ತೀರ್ಮಾನ ಮಾಡಬೇಕು, ಸರ್ಕಾರ ಅಲ್ಲ. ಮನೆಯಲ್ಲಿ ನಾವು ಕನ್ನಡವನ್ನೇ ಮಾತಾಡೋದು, ಕನ್ನಡ ಪುಸ್ತಕ ಓದಿಸೋದು.

ಕನ್ನಡ_ಮೀಡಿಯಂ

ನಿಮ್ಮ ಮನೆಯಲ್ಲಿ ಪುಸ್ತಕ ಇದೆ. ಗಾರೆ ಕೆಲಸಕ್ಕೆ ಹೋಗುವವರ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಗಣಿತ ಹೇಳಿದರೆ ಅದು ಏನು ಮಾಡಬೇಕು? ಆಯ್ಕೆ ಅನ್ನುವ ಮಾತು ಎಲ್ಲರಿಗೂ ಒಂದೇ ತೂಕದ್ದಲ್ಲ.

ನಿವೃತ್ತ_ಮೇಷ್ಟ್ರು

ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಮಾಡಿದವನಾಗಿ ಹೇಳುತ್ತೇನೆ, ಕನ್ನಡ_ಮೀಡಿಯಂ ಅವರ ಮಾತು ನೂರಕ್ಕೆ ನೂರು ಸತ್ಯ. ಮಗು ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳುತ್ತದೆ, ಬೇರೆ ಭಾಷೆಯಲ್ಲಿ ಸುಮ್ಮನೆ ಕೂರುತ್ತದೆ. ಆದರೆ ಅದನ್ನು ಆದೇಶದಿಂದ ಮಾಡಿಸಬಹುದಾ ಅಂತ ಕೇಳಿದರೆ ನನಗೂ ಅನುಮಾನ.

ಹಳೇಕಡತ

ಕಾನೂನಿನ ವಿಷಯ ಮಾತ್ರ ಹೇಳಿಬಿಡುತ್ತೇನೆ. ಕೋರ್ಟ್ ಬೇಡ ಅಂದದ್ದು ಕಲಿಕೆಯ ಮಾಧ್ಯಮವನ್ನು ಹೇರುವುದನ್ನು. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸೋಕೆ ಅಡ್ಡಿ ಮಾಡಲಿಲ್ಲ. 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂತು, ಒಂದನೇ ತರಗತಿಯಿಂದಲೇ ಕನ್ನಡ ಕಲಿಸಬೇಕು. ಅದು ನಿಮ್ಮ ಪಕ್ಕದ ಶಾಲೆಯಲ್ಲಿ ನಿಜವಾಗಿ ನಡೆಯುತ್ತಿದೆಯಾ ಅಂತ ಕೇಳಿ. ಆ ಹೋರಾಟಕ್ಕೆ ನಾನೂ ಬರುತ್ತೇನೆ.

ಕೊಡಗಿನ_ಕಾಫಿ

ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಕೇಸ್ ಇಲ್ಲಿ ಇರಲೇಬೇಕು. ವಿರಾಜಪೇಟೆಯವರು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು, 1949ರಲ್ಲಿ. ಆಗಿನ ನಿಯಮ ಏನು ಗೊತ್ತಾ? ಹೆಣ್ಣು ಮದುವೆ ಆಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕು, ಮದುವೆ ಆದಮೇಲೆ ಸಂಸಾರ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ರಾಜೀನಾಮೆ ಕೊಡಿಸಬಹುದು. ಗಂಡಸಿಗೆ ಇದ್ಯಾವುದೂ ಇಲ್ಲ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋಗಿ 1979ರಲ್ಲಿ ಗೆದ್ದರು. ಕೊನೆಯ ದಿನಗಳಲ್ಲಿ ಬೆಂಗಳೂರಿನಲ್ಲೇ ಇದ್ದರು, 2009ರಲ್ಲಿ ಇಲ್ಲೇ ತೀರಿಕೊಂಡರು.

ಹಳೇಕಡತ

ಪುಟ್ಟ ತಿದ್ದುಪಡಿ. ಕೇಸ್ ನಡೆಯುವಾಗಲೇ ಅವರಿಗೆ ಬಡ್ತಿ ಕೊಟ್ಟುಬಿಟ್ಟರು, ಹಾಗಾಗಿ ಕಾಗದದ ಮೇಲೆ ಅರ್ಜಿ ವಜಾ ಆಯಿತು. ಆದರೆ ವಜಾ ಮಾಡುತ್ತಲೇ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಬಿಡಿಸಿಟ್ಟು, ಹೆಣ್ಣಿಗೆ ಅನ್ಯಾಯ ಮಾಡುವ ಇಂಥದ್ದನ್ನೆಲ್ಲ ತೆಗೆಯಬೇಕು ಅಂತ ಬರೆದರು.

ಕೊಡಗಿನ_ಕಾಫಿ

ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ನನ್ನ ಪಾಲಿಗೆ ಅವರು ಗೆದ್ದದ್ದೇ.

ನಿವೃತ್ತ_ಮೇಷ್ಟ್ರು

ಇನ್ನೊಂದು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಫ್ರೀಡಂ ಪಾರ್ಕಿಗೆ ಎಲ್ಲರೂ ಹೋಗಿರುತ್ತೀರಿ. ಅದು ಹಳೇ ಸೆಂಟ್ರಲ್ ಜೈಲು. 1975ರ ಜೂನ್ 26ರಂದು ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಅವರನ್ನು ಬಂಧಿಸಿ ಆ ಜೈಲಿನಲ್ಲಿ ಇಟ್ಟರು. ಅವರು ಅಲ್ಲಿಂದಲೇ ನಮ್ಮ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನವನ್ನು ಪ್ರಶ್ನಿಸುವ ಅರ್ಜಿ, ಹಾಕಿದರು. ತುರ್ತು ಪರಿಸ್ಥಿತಿಯಲ್ಲಿ ಕೈದಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂದಿತು ಸರ್ಕಾರ. ನಮ್ಮ ಹೈಕೋರ್ಟ್ ಆ ಮಾತು ಒಪ್ಪಲಿಲ್ಲ. ಬೇರೆ ಹಲವು ಹೈಕೋರ್ಟುಗಳೂ ಒಪ್ಪಲಿಲ್ಲ.

ಸರ್ಕಾರದ ಮೇಲ್ಮನವಿಗಳೆಲ್ಲ ಒಟ್ಟಿಗೆ ವಿಚಾರಣೆಗೆ ಬಂದವು. ಜಬಲ್ಪುರದ ಕೇಸಿನ ಹೆಸರಲ್ಲಿ 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ, ಎಚ್.ಆರ್. ಖನ್ನಾ ಒಬ್ಬರೇ ವಿರುದ್ಧ. ಜೀವ ತೆಗೆದರೂ ಕೇಳೋಕೆ ಬಾಗಿಲಿಲ್ಲ ಅನ್ನುವ ಸ್ಥಿತಿ. ನಾನು ಆಗ ಕಾಲೇಜಿನ ಹುಡುಗ. ನಮ್ಮಪ್ಪ ಪೇಪರ್ ಓದಿ ಮಡಿಸಿಟ್ಟು ಆ ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಗಾಂಧಿಬಜಾರ್_ಗೆಳೆಯ

ಆ ತೀರ್ಪು ಈಗಲೂ ಇದೆಯಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು

ಇಲ್ಲ. ಅದನ್ನು ತೆಗೆದು ಹಾಕಿದ್ದೂ ಬೆಂಗಳೂರಿನವರೊಬ್ಬರು ಹೂಡಿದ ಕೇಸಿನಲ್ಲೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಅದೇ ತೀರ್ಪಿನಲ್ಲಿ ಜಬಲ್ಪುರ ತೀರ್ಪನ್ನು ರದ್ದು ಮಾಡಿದರು. ಆ ಭಾಗ ಬರೆದದ್ದು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರು ಅವರ ತಂದೆ. ಮಿನರ್ವ ಮಿಲ್ಸ್‌ನ ಬಹುಮತದ ತೀರ್ಪು ಬರೆದದ್ದೂ ಅದೇ ತಂದೆ.

ಮಾಗಡಿರೋಡ್_ಮಗ

ಅಬ್ಬಾ. ಇದು ಗೊತ್ತೇ ಇರಲಿಲ್ಲ.

ಮೂಲೆಮನೆ_ಮೂರನೇಕ್ರಾಸ್

ಎಲ್ಲವನ್ನೂ ಓದಿದೆ. ಒಂದು ಭಯ ಉಳಿದಿದೆ. ಬೊಮ್ಮಾಯಿ ಅವರಿಗೆ ಕುರ್ಚಿ ಸಿಗಲಿಲ್ಲ, ಸ್ವಾಮಿಗಳಿಗೆ ಜಮೀನು ಸಿಗಲಿಲ್ಲ, ಮಿಲ್ಲೂ ಸಿಗಲಿಲ್ಲ. ನಮ್ಮಮ್ಮನಿಗೆ ಈಗ ಎಪ್ಪತ್ನಾಲ್ಕು. ಅವಳಿಗೆ ಮುಂದಿನ ಪೀಳಿಗೆಯ ಕಾನೂನು ಬೇಡ ಮೇಡಂ, ಆ ಬೆಂಚು ಬೇಕು.

ಹಳೇಕಡತ

ಅಕ್ಕ, ಅದಕ್ಕೇ ಮೊದಲು ಮುದ್ದಪ್ಪ ಕೇಸ್ ಹೇಳಿದ್ದು. ಅವರು ಕೇಳಿದ್ದು ಅವರಿಗೇ ಸಿಕ್ಕಿತು. ಆದರೆ 1976ರ ಆದೇಶಕ್ಕೆ 1991ರಲ್ಲಿ ಕೊನೆಯ ಉತ್ತರ, ಹದಿನೈದು ವರ್ಷ. ಆದ್ದರಿಂದ ತಡ ಮಾಡಬೇಡಿ. ಗೋಡೆ ಎದ್ದಮೇಲೆ ಹೋದರೆ "ಇಷ್ಟು ದಿನ ಎಲ್ಲಿದ್ದಿರಿ" ಅಂತ ಕೋರ್ಟೇ ಕೇಳುತ್ತದೆ. ಪಾಯ ತೋಡುವ ಮೊದಲು ಹೋದರೆ ತಡೆಯಾಜ್ಞೆ ಕೇಳುವುದು ಸುಲಭ.

ಮೊದಲ ಕೆಲಸ, ಮಂಜೂರಾದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಅದರಲ್ಲಿ 'ಪಾರ್ಕ್' ಅಂತ ಇದೆಯಾ, 'ಸಿಎ ಸೈಟ್' ಅಂತ ಇದೆಯಾ ಅನ್ನೋದರ ಮೇಲೆ ಇಡೀ ಕೇಸ್ ನಿಂತಿದೆ. ಪಾರ್ಕಿನ ಫೋಟೋ ತಾರೀಖಿನ ಸಮೇತ ತೆಗೆದಿಡಿ. ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ "ನಿಮಗೇನು" ಅಂದವರು ಬರವಣಿಗೆಯಲ್ಲಿ ಹಾಗೆ ಉತ್ತರ ಕೊಡುವುದಿಲ್ಲ.

ಪೀಣ್ಯ_ಎರಡನೇಹಂತ

ಆರ್‌ಟಿಐ ಅರ್ಜಿ ಬರೆಯೋದು ನನಗೆ ಚೆನ್ನಾಗಿ ಗೊತ್ತು. ನಮೂನೆ ಬೇಕಾದರೆ ಕಳಿಸುತ್ತೇನೆ ಅಕ್ಕ.

ಮೂಲೆಮನೆ_ಮೂರನೇಕ್ರಾಸ್

ದಯವಿಟ್ಟು ಕಳಿಸಿ ಅಣ್ಣ. ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರ್ಕಿನಲ್ಲೇ ಅಕ್ಕಪಕ್ಕದವರನ್ನೆಲ್ಲ ಸೇರಿಸುತ್ತಿದ್ದೇನೆ. ಆಕ್ಷೇಪಣೆಗೆ ಮೊದಲ ಸಹಿ ತನ್ನದೇ ಅಂತ ಅಮ್ಮ ಹೇಳಿದ್ದಾಳೆ. ಹದಿನೆಂಟು ವರ್ಷದ ಹಿಂದೆ ಆ ಆಕಾಶಮಲ್ಲಿಗೆ ಗಿಡ ನೆಟ್ಟವಳು ಅವಳೇ.

ಹಳೇಕಡತ

ಅದನ್ನೂ ಆಕ್ಷೇಪಣೆಯಲ್ಲಿ ಬರೆಸಿ. ಭಾನುವಾರ ನಾನೂ ಬರುತ್ತೇನೆ, ವಿಳಾಸ ಕಳಿಸಿ.